ಪರಭಾಷೆಯನ್ನು ವಶಪಡಿಸಿಕೊಂಡವರು: ಇಂಗ್ಲಿಷ್ ಕಲಿಕೆಯ ನಾಲ್ಕು ಚಾರಿತ್ರಿಕ ನಿದರ್ಶನಗಳು

೧

ಇಂಗ್ಲಿಷ್ ಭಾಷೆಯಲ್ಲಿ ಪ್ರಭುತ್ವವನ್ನು ಪಡೆಯಬೇಕಾದರೆ ಬಾಲ್ಯದಿಂದಲೇ ಆ ಭಾಷೆಯ ನಡುವೆ ಬೆಳೆದಿರಬೇಕು, ಇಲ್ಲವೆ ಹುಟ್ಟಿನಿಂದ ಬಂದ ವಿಶೇಷವಾದ ಪ್ರತಿಭೆಯಿರಬೇಕು ಎಂಬ ನಂಬಿಕೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದಲೋ ಸಣ್ಣ ಊರಿನಿಂದಲೋ ಪದವಿ ತರಗತಿಗೆ ಬಂದ ವಿದ್ಯಾರ್ಥಿಯು ಇತರ ವಿಷಯಗಳಲ್ಲಿ ಎಷ್ಟೇ ಚುರುಕಾಗಿದ್ದರೂ ಇಂಗ್ಲಿಷಿನ ಮಾತು ಬಂದೊಡನೆ ಕುಗ್ಗಿಹೋಗುತ್ತಾನೆ. ತನಗೆ ಅದು ಒಲಿಯುವ ವಿದ್ಯೆಯಲ್ಲವೆಂದು ಅವನು ಮೊದಲೇ ತೀರ್ಮಾನಿಸಿಕೊಂಡಿರುತ್ತಾನೆ. ಅಧ್ಯಾಪಕರಾದ ನಮ್ಮಲ್ಲಿಯೂ ಅನೇಕರು ಆ ತೀರ್ಮಾನವನ್ನು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಒಪ್ಪಿಕೊಂಡಿರುತ್ತೇವೆ. ಪರಿಣಾಮವಾಗಿ ಪಾಠವು ಸಾರಾಂಶವನ್ನು ಬರೆಯಿಸುವುದರಲ್ಲಿ ಮುಗಿಯುತ್ತದೆ; ಓದು ಮಾರ್ಗದರ್ಶಿ ಪುಸ್ತಕಗಳಲ್ಲಿ ಕೊನೆಗೊಳ್ಳುತ್ತದೆ.

ಈ ನಂಬಿಕೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇತಿಹಾಸದ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನಾವು ನಾಲ್ವರನ್ನು ಆರಿಸಿಕೊಂಡಿದ್ದೇವೆ: ರಾಜಾ ರಾಮಮೋಹನರಾಯರು, ಜರ್ಮನಿಯ ಹೈನ್‌ರಿಷ್ ಷ್ಲೀಮನ್, ಪೋಲೆಂಡಿನ ಮನೆತನದ ಜೋಸೆಫ್ ಕಾನ್ರಾಡ್ ಮತ್ತು ಮಹಾತ್ಮಾ ಗಾಂಧಿಯವರು. ಇವರಲ್ಲಿ ಯಾರ ಮನೆಮಾತೂ ಇಂಗ್ಲಿಷಾಗಿರಲಿಲ್ಲ. ಮೊದಲಿನ ಮೂವರು ಅದನ್ನು ಕಲಿಯಲು ತೊಡಗಿದ್ದು ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿ. ಅವರು ಕಲಿತ ಬಗೆಯನ್ನು ಕುರಿತು ಅವರೇ ಬರೆದಿಟ್ಟ ಮಾತುಗಳೋ, ಹತ್ತಿರದಿಂದ ಕಂಡವರ ಸಾಕ್ಷ್ಯವೋ ನಮಗೆ ದೊರೆಯುತ್ತದೆ. ಒಬ್ಬೊಬ್ಬರ ಕಾಲ, ದೇಶ, ವೃತ್ತಿ ಬೇರೆ ಬೇರೆ. ಆದುದರಿಂದ ಅವರ ಅಭ್ಯಾಸಗಳಲ್ಲಿ ಎಲ್ಲಿಯಾದರೂ ಹೋಲಿಕೆ ಕಂಡುಬಂದರೆ ಅದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

೨

ಕಾಲಕ್ರಮದಲ್ಲಿ ಮೊದಲು ಬರುವವರು ರಾಮಮೋಹನರಾಯರು. ಅವರ ತಾರುಣ್ಯದಲ್ಲಿ ಬಂಗಾಳದ ವಿದ್ಯಾವಂತರ ಭಾಷೆ ಪಾರಸಿ. ಧರ್ಮಶಾಸ್ತ್ರಗಳ ಭಾಷೆ ಸಂಸ್ಕೃತ. ಕಲ್ಕತ್ತೆಯ ಹಿಂದೂ ಕಾಲೇಜು ಪ್ರಾರಂಭವಾದದ್ದು ೧೮೧೭ರಲ್ಲಿ. ಅದಕ್ಕೆ ಎಷ್ಟೋ ಮುಂಚೆಯೇ ಅವರು ಇಂಗ್ಲಿಷನ್ನು ಕೈವಶ ಮಾಡಿಕೊಂಡಿದ್ದರು. ಎಂದರೆ, ಇಂದು ನಾವು ಇಂಗ್ಲಿಷ್ ಶಿಕ್ಷಣವೆಂದು ಕರೆಯುವ ಯಾವ ಏರ್ಪಾಡಿನ ನೆರವೂ ಅವರಿಗಿರಲಿಲ್ಲ.

ಅವರ ಕಲಿಕೆಯನ್ನು ಕುರಿತು ಜಾನ್ ಡಿಗ್ಬಿ ಎಂಬ ಕಂಪನಿಯ ಅಧಿಕಾರಿಯ ಸಾಕ್ಷ್ಯ ಬಹಳ ಬೆಲೆಯುಳ್ಳದ್ದು. ವೇದಾಂತವನ್ನು ಕುರಿತ ರಾಯರ ಇಂಗ್ಲಿಷ್ ಬರೆಹವನ್ನು ಡಿಗ್ಬಿಯು ೧೮೧೭ರಲ್ಲಿ ಲಂಡನ್ನಿನಲ್ಲಿ ಮರಳಿ ಪ್ರಕಟಿಸಿದನು. ಅದರ ಪ್ರಸ್ತಾವನೆಯಲ್ಲಿ ಅವನು ತಿಳಿಸುವಂತೆ, ರಾಯರು ಇಂಗ್ಲಿಷನ್ನು ಆರಂಭಿಸಿದ್ದು ತಮ್ಮ ೨೨ನೆಯ ವಯಸ್ಸಿನಲ್ಲಿ. ಆದರೆ ಆಗ ಅದರಲ್ಲಿ ಹೆಚ್ಚಿನ ಶ್ರದ್ಧೆಯನ್ನು ವಹಿಸಲಿಲ್ಲ. ಐದು ವರ್ಷಗಳ ನಂತರ ಡಿಗ್ಬಿಗೆ ಪರಿಚಯವಾದಾಗ ಸಾಮಾನ್ಯ ವಿಷಯಗಳನ್ನು ಹೇಗೋ ತಿಳಿಯುವಂತೆ ಮಾತನಾಡಬಲ್ಲವರಾಗಿದ್ದರೇ ಹೊರತು ತಪ್ಪಿಲ್ಲದೆ ಬರೆಯುವ ಶಕ್ತಿ ಅವರಿಗಿರಲಿಲ್ಲ. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ೨೭ನೆಯ ವಯಸ್ಸಿನ ರಾಮಮೋಹನರಾಯರ ಇಂಗ್ಲಿಷು ಇಂದಿನ ಸಾಧಾರಣ ಪದವಿ ವಿದ್ಯಾರ್ಥಿಯ ಇಂಗ್ಲಿಷಿಗಿಂತ ಉತ್ತಮವಾಗಿರಲಿಲ್ಲವೆಂದೇ ಊಹಿಸಬಹುದು.

ಮುಂದೆ ಆದ ಬದಲಾವಣೆಗೆ ಕಾರಣವೇನು? ಡಿಗ್ಬಿಯು ಕಲೆಕ್ಟರಾಗಿದ್ದ ಜಿಲ್ಲೆಯಲ್ಲಿ ರಾಯರು ದಿವಾನರಾಗಿ ನಿಯುಕ್ತರಾದರು. ಡಿಗ್ಬಿಯ ಕಚೇರಿಗೆ ಬರುತ್ತಿದ್ದ ಮತ್ತು ಅಲ್ಲಿಂದ ಹೋಗುತ್ತಿದ್ದ ಸರಕಾರಿ ಪತ್ರಗಳನ್ನೆಲ್ಲ ಅವರು ಎಚ್ಚರಿಕೆಯಿಂದ ಓದಿದರು. ಐರೋಪ್ಯರೊಡನೆ ಪತ್ರವ್ಯವಹಾರವನ್ನೂ ಸಂಭಾಷಣೆಯನ್ನೂ ನಡೆಸಿದರು. ಇಂಗ್ಲಿಷ್ ವೃತ್ತಪತ್ರಿಕೆಗಳನ್ನು ಬಿಡದೆ ಓದುತ್ತಿದ್ದರು. ಅವುಗಳಲ್ಲಿಯೂ ಯೂರೋಪಿನ ರಾಜಕೀಯವೆಂದರೆ ಅವರಿಗೆ ಹೆಚ್ಚಿನ ಆಸಕ್ತಿ. ಅದು ನೆಪೋಲಿಯನ್ನನ ಕಾಲ, ಸುದ್ದಿಗೆ ಬರವಿರಲಿಲ್ಲ. ಇಲ್ಲಿ ವ್ಯಾಕರಣದ ಪಾಠವಾಗಲಿ ನಿಯಮಗಳ ಕಂಠಪಾಠವಾಗಲಿ ಮುಖ್ಯವಾಗಿ ಕಾಣುವುದಿಲ್ಲ. ತನ್ನ ಕೆಲಸಕ್ಕೆ ಬೇಕಾದ ಕಾಗದ, ತನ್ನ ಕುತೂಹಲವನ್ನು ಕೆರಳಿಸುವ ಪತ್ರಿಕೆ, ತಾನು ಉತ್ತರ ಬರೆಯಲೇಬೇಕಾದ ಪತ್ರ, ಇವು ಅವರ ಪಠ್ಯಪುಸ್ತಕಗಳಾದವು.

ಫಲವು ನಮ್ಮ ಮುಂದಿದೆ. ೧೮೨೩ರಲ್ಲಿ ಲಾರ್ಡ್ ಆಮ್‌ಹರ್ಸ್ಟನಿಗೆ ಶಿಕ್ಷಣನೀತಿಯನ್ನು ಕುರಿತು ಅವರು ಬರೆದ ಪತ್ರವು ಭಾರತೀಯ ಶಿಕ್ಷಣದ ಇತಿಹಾಸವನ್ನು ಓದುವವರೆಲ್ಲರಿಗೂ ಪರಿಚಿತವಾದುದು. ತತ್ತ್ವಜ್ಞನಾದ ಬೆಂಥಾಮನು ಅವರ ಶೈಲಿಯನ್ನು ಸುಶಿಕ್ಷಿತನಾದ ಆಂಗ್ಲೇಯನ ಶೈಲಿಗೆ ಸಮಾನವೆಂದು ಮೆಚ್ಚಿದನು. ರಾಯರು ೧೮೩೩ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ದಿವಂಗತರಾದರು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದ್ದೂ ಅದೇ ವರ್ಷದಲ್ಲಿ. ಶಾಲೆಗಳು ಬರುವುದಕ್ಕೆ ಮುಂಚೆಯೇ ಕಲಿತವರ ತಲೆಮಾರು ಹೀಗೆ ಮುಗಿಯುತ್ತ ಬಂದಿತ್ತು.

೩

ರಾಯರು ಕಲಿತ ಬಗೆಯನ್ನು ಅನ್ಯರ ಮಾತಿನಿಂದ ತಿಳಿದೆವು. ಷ್ಲೀಮನ್ನನಾದರೋ ತನ್ನ ಪದ್ಧತಿಯನ್ನು ತಾನೇ ವಿವರವಾಗಿ ಬರೆದಿಟ್ಟಿದ್ದಾನೆ. ಟ್ರಾಯ್ ನಗರದ ಉತ್ಖನನದಿಂದ ಹೆಸರಾದ ಈತ ೧೮೨೨ರಲ್ಲಿ ಬಡ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಹುಡುಗನಾಗಿದ್ದಾಗ ದಿನಸಿ ಅಂಗಡಿಯಲ್ಲಿ ದುಡಿದನು. ೧೮೪೧ರಲ್ಲಿ ಪ್ರಯಾಣದ ಹಡಗು ಒಡೆದು ಹಾಲೆಂಡಿನ ತೀರವನ್ನು ಸೇರಿದನು. ಆಮ್‌ಸ್ಟರ್‌ಡಾಮಿನ ವ್ಯಾಪಾರಿಯ ಕಚೇರಿಯಲ್ಲಿ ಹುಂಡಿಗಳನ್ನೂ ಪತ್ರಗಳನ್ನೂ ಅಲ್ಲಿಂದಿಲ್ಲಿಗೆ ಒಯ್ಯುವ ಕೆಲಸ ದೊರೆಯಿತು. ವರ್ಷಕ್ಕೆ ೮೦೦ ಫ್ರಾಂಕುಗಳ ಸಂಬಳ. ಅದರಲ್ಲಿ ಅರ್ಧವನ್ನು ಅವನು ವಿದ್ಯೆಗೆ ಮೀಸಲಿಟ್ಟು, ಬೆಂಕಿಯಿಲ್ಲದ ಮಾಳಿಗೆಯ ಕೋಣೆಯಲ್ಲಿ ಚಳಿಯನ್ನು ಸಹಿಸಿಕೊಂಡು ವಾಸಿಸಿದನು.

ಅವನು ಹೇಳುವ ಕ್ರಮ ಇದು: ಹೆಚ್ಚಾಗಿ ಗಟ್ಟಿಯಾಗಿ ಓದುವುದು, ಭಾಷಾಂತರವನ್ನು ಮಾಡದಿರುವುದು, ಪ್ರತಿದಿನ ಒಂದು ಗಂಟೆಯ ಪಾಠ, ತನಗೆ ಪ್ರಿಯವಾದ ವಿಷಯಗಳ ಮೇಲೆ ಪ್ರಬಂಧಗಳನ್ನು ಬರೆದು ಗುರುವಿನ ಮುಂದೆ ತಿದ್ದಿಸಿಕೊಳ್ಳುವುದು, ತಿದ್ದಿದ್ದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುವುದು. ಭಾನುವಾರಗಳಲ್ಲಿ ಎರಡು ಬಾರಿ ಇಂಗ್ಲಿಷ್ ಚರ್ಚಿಗೆ ಹೋಗಿ ಉಪದೇಶಕನ ಒಂದೊಂದು ಮಾತನ್ನೂ ಮೆಲುದನಿಯಲ್ಲಿ ತಾನೂ ಉಚ್ಚರಿಸುತ್ತಿದ್ದನು. ಮಳೆಯಲ್ಲಿ ಕೆಲಸದ ಮೇಲೆ ಹೋಗುವಾಗಲೂ ಕೈಯಲ್ಲಿ ಪುಸ್ತಕ. ಅಂಚೆ ಕಚೇರಿಯಲ್ಲಿ ಸರದಿಗಾಗಿ ಕಾಯುವಾಗಲೂ ಓದು. ಗೋಲ್ಡ್‌ಸ್ಮಿತ್ತನ ಮತ್ತು ಸ್ಕಾಟನ ಒಂದೊಂದು ಕಾದಂಬರಿಯನ್ನು ಪೂರ್ತಿಯಾಗಿ ಕಂಠಸ್ಥ ಮಾಡಿಕೊಂಡೆನೆಂದೂ, ಆರು ತಿಂಗಳಲ್ಲಿ ಇಂಗ್ಲಿಷು ತನ್ನದಾಯಿತೆಂದೂ ಅವನ ಹೇಳಿಕೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ. ಷ್ಲೀಮನ್ ತನ್ನ ವಿಷಯದಲ್ಲಿ ಸಂಪೂರ್ಣವಾಗಿ ನಂಬತಕ್ಕ ಸಾಕ್ಷಿಯಲ್ಲ. ೧೮೫೧ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರವನ್ನು ಸುಟ್ಟ ಮಹಾಬೆಂಕಿಯನ್ನು ಕಣ್ಣಾರೆ ಕಂಡವನಂತೆ ಅವನು ದಿನಚರಿಯಲ್ಲಿ ವರ್ಣಿಸಿದ್ದಾನೆ. ಆ ವೇಳೆಯಲ್ಲಿ ಅವನು ಅಲ್ಲಿರಲಿಲ್ಲವೆಂದು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಆರು ತಿಂಗಳೆಂಬ ಲೆಕ್ಕವನ್ನಾಗಲಿ, ಎರಡು ಕಾದಂಬರಿಗಳ ಕಂಠಪಾಠವನ್ನಾಗಲಿ ನಾವು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಆದರೆ ಅವನ ಕ್ರಮದ ಮಾತು ಬೇರೆ. ಅವನು ಹಲವು ಭಾಷೆಗಳಲ್ಲಿ ಬರೆದ ಪತ್ರಗಳು ಉಳಿದಿವೆ. ಪ್ರವಾಸಮಾಡಿದ ದೇಶದ ಭಾಷೆಯಲ್ಲಿಯೇ ದಿನಚರಿ ಬರೆಯುವುದು ಅವನ ರೂಢಿಯಾಗಿತ್ತು. ಭಾಷೆಗಳನ್ನು ಅವನು ಕಲಿತದ್ದು ನಿಜ; ದಿನವೂ ಬರೆದದ್ದು ನಿಜ. ವೇಗದ ವಿಷಯದಲ್ಲಿ ಅತಿಶಯೋಕ್ತಿಯಿರಬಹುದು. ಅಭ್ಯಾಸದ ವಿಷಯದಲ್ಲಿ ಕಾಗದಗಳೇ ಸಾಕ್ಷಿ. ಅಲ್ಪಕಾಲದಲ್ಲಿ ಇಂಗ್ಲಿಷ್ ಕಲಿಸುವೆವೆಂಬ ಜಾಹೀರಾತುಗಳನ್ನು ದಿನವೂ ನೋಡುವ ನಮ್ಮ ವಿದ್ಯಾರ್ಥಿಗಳು ಈ ಎರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಯುವುದು ಒಳ್ಳೆಯದು.

೪

ಷ್ಲೀಮನ್ನನಿಗೆ ಪಾಠ ಹೇಳುವ ಗುರುವಾದರೂ ಇದ್ದನು. ಕಾನ್ರಾಡನಿಗೆ ಅದೂ ಇರಲಿಲ್ಲ. ೧೮೫೭ರಲ್ಲಿ ಹುಟ್ಟಿದ ಈತನ ಮಾತೃಭಾಷೆ ಪೋಲಿಷ್. ಚಿಕ್ಕಂದಿನಿಂದ ಬಲ್ಲ ಪರಭಾಷೆ ಫ್ರೆಂಚ್. ೧೮೭೮ರ ಜೂನ್ ತಿಂಗಳಿನಲ್ಲಿ, ೨೦ ವರ್ಷದ ನಾವಿಕನಾಗಿ ಇಂಗ್ಲೆಂಡಿನ ಪೂರ್ವತೀರದ ಲೋಸ್ಟಾಫ್ಟ್ ಬಂದರಿನಲ್ಲಿ ಇಳಿದಾಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದೇ ಹೇಳಬೇಕು. ಅಲ್ಲಿಂದ ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲನ್ನು ತರಲು ಹೋಗಿಬರುತ್ತಿದ್ದ ಸಣ್ಣ ಹಡಗೊಂದರಲ್ಲಿ ಕೆಲಸಕ್ಕೆ ಸೇರಿದನು. ಆ ತೀರದ ಬೆಸ್ತರು, ಹಡಗು ಕಟ್ಟುವ ಬಡಗಿಗಳು, ನಾವಿಕರು, ಇವರ ಮಾತು ಅವನ ಕಿವಿಗೆ ಮೊದಲ ಪಾಠ. ದಿನಪತ್ರಿಕೆಯು ಕಣ್ಣಿಗೆ ಮೊದಲ ಪಾಠ. ಷೇಕ್ಸ್‌ಪಿಯರನ ನಾಟಕಗಳನ್ನೂ ಓದುತ್ತ ಬಂದನು. ೧೮೮೦ರಲ್ಲಿ ಹಡಗಿನ ಅಧಿಕಾರಿಯಾಗಲು ಬೇಕಾದ ಮೊದಲನೆಯ ಪರೀಕ್ಷೆಯನ್ನೂ, ೧೮೮೬ರಲ್ಲಿ ಕಪ್ತಾನನಾಗಲು ಬೇಕಾದ ಪರೀಕ್ಷೆಯನ್ನೂ ಇಂಗ್ಲಿಷಿನಲ್ಲಿಯೇ ಮುಗಿಸಿದನು. ಮೊದಲ ಕಾದಂಬರಿ ೧೮೯೫ರಲ್ಲಿ ಹೊರಬಂತು. ಬಂದರಿನಲ್ಲಿ ಇಳಿದ ದಿನಕ್ಕೂ ಮೊದಲ ಪುಸ್ತಕಕ್ಕೂ ನಡುವೆ ೧೭ ವರ್ಷಗಳು ಕಳೆದಿದ್ದವು.

ಕಾನ್ರಾಡನ ನಿದರ್ಶನದಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಇಂಗ್ಲಿಷ್ ಗದ್ಯದ ಶ್ರೇಷ್ಠರಲ್ಲಿ ಎಣಿಸಲ್ಪಡುವ ಈ ಲೇಖಕನ ಉಚ್ಚಾರಣೆ ಮಾತ್ರ ಕಡೆಯವರೆಗೂ ವಿದೇಶೀಯವಾಗಿಯೇ ಉಳಿಯಿತು. ಅವನ ಮಾತನ್ನು ಕೇಳಿದವರು ಅದನ್ನು ಒಂದೇ ಸಮನೆ ಉಲ್ಲೇಖಿಸಿದ್ದಾರೆ. ಉಚ್ಚಾರಣೆ ಬೇರೆ, ಭಾಷಾಪ್ರಭುತ್ವ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ದೊರೆಯಲಾರದು. ನಮ್ಮ ತರಗತಿಗಳಲ್ಲಿ ಉಚ್ಚಾರಣೆಯ ದೋಷಕ್ಕಾಗಿ ನಗೆಗೀಡಾಗಿ, ಅಂದಿನಿಂದ ಬಾಯಿಬಿಡುವುದನ್ನೇ ನಿಲ್ಲಿಸಿದ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆಂಬುದನ್ನು ನೆನೆದರೆ ಈ ಸಂಗತಿಯ ಮಹತ್ತ್ವ ತಿಳಿಯುತ್ತದೆ.

೫

ಉಚ್ಚಾರಣೆಯ ಮೋಹಕ್ಕೆ ಒಳಗಾಗಿ ಅದರಿಂದ ಬಿಡಿಸಿಕೊಂಡವರು ಗಾಂಧಿಯವರು. ಅವರ ಆತ್ಮಕಥೆಯಲ್ಲಿ ಈ ವಿಷಯವು ವಿಸ್ತಾರವಾಗಿ ಬಂದಿದೆ. ಪ್ರೌಢಶಾಲೆಯಲ್ಲಿ ನಾಲ್ಕನೆಯ ತರಗತಿಯಿಂದ ಬಹುಪಾಲು ಬೋಧನೆ ಇಂಗ್ಲಿಷಿಗೆ ತಿರುಗಿದಾಗ, ರೇಖಾಗಣಿತವೇ ಮೊದಲಾದ ವಿಷಯಗಳು ಅವರಿಗೆ ದಿಕ್ಕುತೋರದಂತಾದವು. ೧೮೮೮ರಲ್ಲಿ ಲಂಡನ್ನಿಗೆ ಹೊರಟಾಗ ಹಡಗಿನಲ್ಲಿ ಇಂಗ್ಲಿಷ್ ಮಾತನಾಡಲು ನಾಚಿ ಕೋಣೆಯಲ್ಲಿಯೇ ಉಳಿಯುತ್ತಿದ್ದರು. ಲಂಡನ್ನಿನಲ್ಲಿ ಕೆಲವು ತಿಂಗಳು ಆಂಗ್ಲ ಸಭ್ಯಗೃಹಸ್ಥನಾಗುವ ಹುಚ್ಚು ಹಿಡಿಯಿತು. ಉಡುಪು, ನೃತ್ಯ, ಪಿಟೀಲು ಇವುಗಳೊಡನೆ ಭಾಷಣಕಲೆಯ ಶಿಕ್ಷಕನೊಬ್ಬನನ್ನೂ ಗೊತ್ತುಮಾಡಿಕೊಂಡರು. ಬೆಲ್ ಎಂಬಾತನ ಪುಸ್ತಕವನ್ನು ಕೊಂಡು ಪಿಟ್ಟನ ಭಾಷಣದಿಂದ ಅಭ್ಯಾಸವನ್ನು ತೊಡಗಿ, ಸ್ವಲ್ಪ ಕಾಲದಲ್ಲಿಯೇ ಅದರ ವ್ಯರ್ಥತೆಯನ್ನು ಕಂಡು ಕೈಬಿಟ್ಟರು.

ಕೈಬಿಡದೆ ಉಳಿಸಿಕೊಂಡ ಅಭ್ಯಾಸಗಳು ಬೇರೆ. ಭಾರತದಲ್ಲಿದ್ದಾಗ ವೃತ್ತಪತ್ರಿಕೆಯನ್ನೇ ಓದದಿದ್ದ ಅವರು ಲಂಡನ್ನಿನಲ್ಲಿ ದಿನವೂ ಮೂರು ಪತ್ರಿಕೆಗಳ ಮೇಲೆ ಕಣ್ಣಾಡಿಸುತ್ತಿದ್ದರು. ಅದಕ್ಕೆ ಒಂದು ಗಂಟೆಯೂ ಹಿಡಿಯುತ್ತಿರಲಿಲ್ಲ. ಲಂಡನ್ ಮೆಟ್ರಿಕ್ಯುಲೇಷನ್ನಿಗಾಗಿ ಲ್ಯಾಟಿನ್ ಕಲಿತರು. ಮೊದಲ ಸಲ ಅದರಲ್ಲಿ ಅನುತ್ತೀರ್ಣರಾಗಿ ಮತ್ತೆ ಕುಳಿತು ಉತ್ತೀರ್ಣರಾದರು. ಆ ಭಾಷೆಯ ಪರಿಚಯವು ಇಂಗ್ಲಿಷಿನ ಮೇಲಣ ಹಿಡಿತವನ್ನು ಹೆಚ್ಚಿಸಿತೆಂದು ಅವರ ಅಭಿಪ್ರಾಯ. ಆದರೆ ಅವರ ಶೈಲಿಯನ್ನು ನಿಜವಾಗಿ ರೂಪಿಸಿದ್ದು ದಕ್ಷಿಣ ಆಫ್ರಿಕ. ೧೯೦೩ರಲ್ಲಿ ಪ್ರಾರಂಭವಾದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ವಾರವಾರವೂ ಬರೆಯಬೇಕಾಯಿತು. ಆಲೋಚಿಸದೆ ಒಂದು ಪದವನ್ನೂ ಬರೆಯದ, ಉತ್ಪ್ರೇಕ್ಷೆಯನ್ನು ತಿಳಿದೂ ತಿಳಿದೂ ಮಾಡದ ಸಂಯಮವನ್ನು ಆ ಪತ್ರಿಕೆಯೇ ತಮಗೆ ಕಲಿಸಿತೆಂದು ಅವರು ಸ್ಮರಿಸಿದ್ದಾರೆ. ‘ಹಿಂದ್ ಸ್ವರಾಜ್’ ಗ್ರಂಥವನ್ನು ೧೯೦೯ರಲ್ಲಿ ಬರೆದದ್ದು ಗುಜರಾತಿಯಲ್ಲಿ. ೧೯೧೦ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಸ್ವತಃ ಅವರೇ. ಇಂಗ್ಲಿಷ್ ಮಾಧ್ಯಮದ ಶಿಕ್ಷಣವನ್ನು ಕಟುವಾಗಿ ಖಂಡಿಸಿದವರೇ ಇಂಗ್ಲಿಷ್ ಗದ್ಯದಲ್ಲಿ ತಿಳಿಯಾದ ಶೈಲಿಯನ್ನು ಸಾಧಿಸಿದರು. ಇದರಲ್ಲಿ ವಿರೋಧವೇನೂ ಇಲ್ಲ. ಭಾಷೆಯನ್ನು ಕಲಿಯುವುದು ಬೇರೆ, ಅದರ ಅಧೀನದಲ್ಲಿ ಬೆಳೆಯುವುದು ಬೇರೆ ಎಂಬ ವಿವೇಕ ಅದರ ಹಿಂದಿದೆ.

೬

ಈ ನಾಲ್ಕು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ಸಾಮಾನ್ಯ ಲಕ್ಷಣಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಮೊದಲನೆಯದಾಗಿ, ಇವರು ಇಂಗ್ಲಿಷನ್ನು ಕಲಿಯುವ ವಿಷಯವೆಂದಷ್ಟೇ ಕಾಣದೆ, ದಿನವೂ ಮಾಡಲೇಬೇಕಾದ ಒಂದು ಕೆಲಸದ ಉಪಕರಣವನ್ನಾಗಿ ಮಾಡಿಕೊಂಡರು. ಕಚೇರಿಯ ಕಡತ, ವ್ಯಾಪಾರದ ಪತ್ರ, ಹಡಗಿನ ಹಗ್ಗ, ಚಳವಳಿಯ ವಾರಪತ್ರಿಕೆ, ಒಬ್ಬೊಬ್ಬರಿಗೆ ಒಂದೊಂದು. ಎರಡನೆಯದಾಗಿ, ಇವರ ಓದು ನಿತ್ಯದ ಓದು. ನಾಲ್ವರಲ್ಲಿ ಮೂವರು ಪತ್ರಿಕೆಯ ಓದುಗರೆಂಬುದು ಆಕಸ್ಮಿಕವಲ್ಲ. ಪತ್ರಿಕೆಯಲ್ಲಿ ಅವವೇ ಪದಗಳು ಹೊಸ ಹೊಸ ಸಂದರ್ಭಗಳಲ್ಲಿ ಮರಳಿ ಮರಳಿ ಬರುತ್ತವೆ. ನಿನ್ನೆ ಅರ್ಥವಾಗದ ಪದ ನಾಳೆಯ ಸುದ್ದಿಯಲ್ಲಿ ತಾನಾಗಿ ತಿಳಿಯುತ್ತದೆ. ಮೂರನೆಯದಾಗಿ, ಓದಿದ್ದನ್ನೂ ಕೇಳಿದ್ದನ್ನೂ ಇವರು ಬಾಯಿಂದಲೋ ಕೈಯಿಂದಲೋ ಮರಳಿ ಹೊರಡಿಸಿದರು. ಬರೆದದ್ದನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಿದರು. ತಿದ್ದಿಸಿಕೊಳ್ಳುವುದಕ್ಕೆ ನಾಚದಿರುವುದೇ ಇಲ್ಲಿ ದೊಡ್ಡ ಗುಣ. ನಾಲ್ಕನೆಯದಾಗಿ, ಇವರೆಲ್ಲರೂ ಇನ್ನೊಂದು ಭಾಷೆಯಲ್ಲಿ ಮೊದಲೇ ಗಟ್ಟಿಯಾಗಿ ನೆಲೆನಿಂತವರು. ರಾಯರು ಪಾರಸಿಯಲ್ಲಿ ಗ್ರಂಥವನ್ನೇ ರಚಿಸಿದ್ದರು. ಗಾಂಧಿಯವರು ಗುಜರಾತಿಯನ್ನು ಎಂದೂ ಬಿಡಲಿಲ್ಲ.

ಈ ಲಕ್ಷಣಗಳು ಇಂಗ್ಲಿಷಿಗೆ ಮಾತ್ರ ಸಂಬಂಧಿಸಿದವುಗಳಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಆಧಾರವಿದೆ. ಜರ್ಮನಿಯಿಂದ ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡವನ್ನು ಕಲಿತ ಬಗೆಯೂ ಇಂಥದೇ. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆಯುವ ಸಾಹಸ ಮಾಡಿ ೧೮೬೨ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು, ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು, ಪಂಡಿತರ ನೆರವನ್ನು ಪಡೆಯಲು ಹಿಂಜರಿಯಲಿಲ್ಲ. ೧೮೯೪ರಲ್ಲಿ ಹೊರಬಂದ ಅವರ ಕನ್ನಡ ನಿಘಂಟು ನಾಲ್ಕು ದಶಕಗಳ ಆ ನಿತ್ಯಾಭ್ಯಾಸದ ಫಲ. ಜರ್ಮನ್ ಮನೆಮಾತಿನವರೊಬ್ಬರು ಕನ್ನಡವನ್ನು ಹೀಗೆ ಒಲಿಸಿಕೊಳ್ಳುವುದು ಸಾಧ್ಯವಾಗಿದ್ದರೆ, ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷು ಅಸಾಧ್ಯವೆಂದು ಹೇಳಲು ಕಾರಣವಿಲ್ಲ. ಕಲಿತ ಭಾಷೆಯು ಮನೆಯ ಭಾಷೆಗೆ ಋಣ ತೀರಿಸಬಲ್ಲದೆಂಬುದಕ್ಕೂ, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ನಮ್ಮ ಕಣ್ಣೆದುರಿಗಿದೆ.

೭

ಆದರೂ ಈ ವಿವೇಚನೆಗೆ ಒಂದು ಮಿತಿಯಿದೆ. ಗೆದ್ದವರು ಮಾತ್ರ ತಮ್ಮ ಕಥೆಯನ್ನು ಬರೆದಿಡುತ್ತಾರೆ. ಇದೇ ಅಭ್ಯಾಸಗಳನ್ನು ಶ್ರದ್ಧೆಯಿಂದ ನಡೆಸಿಯೂ ಮೇಲೆ ಬಾರದವರು ಇದ್ದಿರಬೇಕು. ಅವರ ದಾಖಲೆ ನಮಗೆ ದೊರೆಯುವುದಿಲ್ಲ. ಆದ್ದರಿಂದ ಈ ಅಭ್ಯಾಸಗಳನ್ನು ಅನುಸರಿಸಿದವರೆಲ್ಲರೂ ರಾಮಮೋಹನರಾಯರಾಗುತ್ತಾರೆಂದು ನಾವು ಹೇಳುವುದಿಲ್ಲ. ಇವಿಲ್ಲದೆ ಕಲಿತವರು ಈ ನಾಲ್ವರಲ್ಲಿ ಒಬ್ಬರೂ ಇಲ್ಲವೆಂಬಷ್ಟನ್ನು ಮಾತ್ರ ಹೇಳಬಹುದು.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ನಾಲ್ವರಿಗೂ ಶ್ರಮದ ಜೊತೆಗೆ ಅವಕಾಶವೂ ದೊರೆಯಿತು. ಡಿಗ್ಬಿಯು ತನ್ನ ಪತ್ರಗಳನ್ನು ರಾಯರ ಕಣ್ಣಿಗೆ ಮುಚ್ಚಿಟ್ಟಿದ್ದರೆ? ಪೂರ್ವತೀರದ ನಾವಿಕರು ವಿದೇಶೀಯ ಯುವಕನ ತೊದಲುಮಾತನ್ನು ಕೇಳಿ ನಗುವುದರಲ್ಲಿಯೇ ಕಾಲ ಕಳೆದಿದ್ದರೆ? ಅಭ್ಯಾಸವು ವಿದ್ಯಾರ್ಥಿಯ ಹೊಣೆ. ಅವಕಾಶವನ್ನು ಒದಗಿಸುವುದು ವಿದ್ಯಾಸಂಸ್ಥೆಯ ಹೊಣೆ. ನಗರದ ಅನುಕೂಲಸ್ಥರ ಮಕ್ಕಳಿಗೆ ಮನೆಯಲ್ಲಿಯೇ ದೊರೆಯುವ ಅವಕಾಶವು ಹಳ್ಳಿಯ ವಿದ್ಯಾರ್ಥಿಗೆ ಕಾಲೇಜಿನಲ್ಲಿಯೂ ದೊರೆಯದೆ ಹೋದರೆ ಇನ್ನೆಲ್ಲಿಯೂ ದೊರೆಯುವುದಿಲ್ಲ. ಅವನ ಸೋಲನ್ನು ಪ್ರತಿಭೆಯ ಕೊರತೆಯೆಂದು ಕರೆಯುವ ಅಧಿಕಾರ ಆಗ ನಮಗಿರುವುದಿಲ್ಲ.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ವಾಚನಾಲಯದ ಪತ್ರಿಕೆಯನ್ನು ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಲು ಒಂದು ಕೋಣೆ. ವಾರಕ್ಕೊಂದು ಪುಟದ ಬರೆಹ, ವಿದ್ಯಾರ್ಥಿಯು ಬಲ್ಲ ವಿಷಯದ ಮೇಲೆ, ತನ್ನ ಊರಿನ ಕೆರೆಯ ಮೇಲಾದರೂ ಸರಿ. ಅದನ್ನು ತಿದ್ದಿ ಹಿಂದಿರುಗಿಸುವ ಅಧ್ಯಾಪಕ. ತಿದ್ದಿದ್ದನ್ನು ಮರಳಿ ಬರೆಯುವ ನಿಯಮ. ಕನ್ನಡದ ಒಳ್ಳೆಯ ಗದ್ಯವನ್ನು ಜೊತೆಜೊತೆಗೆ ಓದುವ ರೂಢಿ. ತರಗತಿಯ ಸಂಖ್ಯೆ ದೊಡ್ಡದಾಗಿರುವಾಗ ಇಷ್ಟನ್ನು ನಡೆಸುವುದೂ ಸುಲಭವಲ್ಲವೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಮೂವತ್ತು ಮಂದಿಯ ಬರೆಹವನ್ನು ವಾರವಾರವೂ ತಿದ್ದುವುದು ಶ್ರಮದ ಕೆಲಸ. ಆದರೆ ನಾವು ಪರಿಶೀಲಿಸಿದ ದಾಖಲೆಗಳಲ್ಲಿ ಇದಕ್ಕಿಂತ ಸುಲಭವಾದ ಇನ್ನೊಂದು ದಾರಿ ನಮಗೆ ಕಂಡುಬರಲಿಲ್ಲ. ೨೭ನೆಯ ವಯಸ್ಸಿನಲ್ಲಿ ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆಯಲಾರದಿದ್ದವರು ಮುಂದೆ ರಾಜ್ಯದ ಶಿಕ್ಷಣನೀತಿಯನ್ನು ಕುರಿತು ಗವರ್ನರ್ ಜನರಲ್ಲನಿಗೆ ಬರೆಯುವಂತಾದರೆಂಬ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.